ಗುಜರಿ ತಕ್ಕಡಿಗೆ ಬೀಳದ ಖರ್ಚು

ಅಳತೆ ತೂಕದಲ್ಲಿ ಮೋಸ ಮಾಡುವವರಿಗೆ ಸೂರಃ ಅಲ್ ಮುತಫ್ಫಿಫೀನ್ ನೀಡಿರುವ ಎಚ್ಚರಿಕೆಯನ್ನು ಜುಮಾ ಖುತ್ಬಾಗಳಲ್ಲಿ ನಾವು ಕೇಳುತ್ತಲೇ ಇರುತ್ತೇವೆ. ಆಗ ನಮ್ಮ ಕಣ್ಣಮುಂದೆ ಬರುವುದು ದಿನಸಿ ಅಂಗಡಿಯ ತಕ್ಕಡಿ. ಆದರೆ ಬೆಂಗಳೂರಿನ ಗೋರಿಪಾಳ್ಯದಂತಹ ಕಡೆ ನಮ್ಮವರ ಎಷ್ಟೋ ಮನೆಗಳ ಒಲೆ ಉರಿಯುವುದು ಗುಜರಿಯಿಂದ. ಆ ತಕ್ಕಡಿಯ ಲೆಕ್ಕವನ್ನೂ ಸ್ವಲ್ಪ ನೋಡೋಣ.

ಹಳೆಯ ಕಂಪ್ಯೂಟರ್, ಮೊಬೈಲುಗಳ ಬೆಲೆಯೆಂದರೆ ಮುಖ್ಯವಾಗಿ ಒಳಗಿನ ಲೋಹದ ಬೆಲೆ. ತಾಮ್ರ, ಚಿನ್ನದ ದರ ಏರಿದರೆ ಗುಜರಿ ದರವೂ ಏರುತ್ತದೆ. ಕಂಪ್ಯೂಟರಿನ ಮದರ್‌ಬೋರ್ಡಿಗೆ ಒಳ್ಳೆಯ ದರ, ಟಿವಿ ಬೋರ್ಡಿಗೆ ಕಡಿಮೆ. ಹಳೆಯ ಡಬ್ಬಾ ಟಿವಿಯ ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸವಿರುತ್ತದೆ. ಅದನ್ನು ಸರಿಯಾಗಿ ವಿಲೇವಾರಿ ಮಾಡಲು ನಾವೇ ಹಣ ಕೊಡಬೇಕಾದೀತು.

ಹಾಗಾದರೆ ಪರವಾನಗಿ ಇರುವ ಘಟಕಕ್ಕಿಂತ ಸಣ್ಣ ಶೆಡ್ಡಿನವನು ಹೆಚ್ಚು ಬೆಲೆ ಕೊಡುವುದು ಹೇಗೆ? ಘಟಕದವರು ಹೊಗೆ, ಕೊಳೆನೀರು ಶುದ್ಧಗೊಳಿಸುವ ಯಂತ್ರಗಳಿಗೆ, ತೆರಿಗೆಗೆ, ಕಾರ್ಮಿಕರ ಸುರಕ್ಷತೆಗೆ ಖರ್ಚು ಮಾಡುತ್ತಾರೆ. ಶೆಡ್ಡಿನಲ್ಲಿ ವಯರು ಸುಡುತ್ತಾರೆ, ಬೋರ್ಡುಗಳನ್ನು ಆಸಿಡ್ಡಿಗೆ ಹಾಕುತ್ತಾರೆ. ಖರ್ಚು ಅಲ್ಲಿಯೂ ಇದೆ, ಆದರೆ ಅದನ್ನು ಭರಿಸುವುದು ಕೆಲಸಗಾರ ಹುಡುಗನ ಶ್ವಾಸಕೋಶ ಮತ್ತು ಪಕ್ಕದ ಮನೆಯ ಬಾವಿ. ನಮ್ಮ ಕೈಗೆ ಬರುವ ಆ ಹೆಚ್ಚುವರಿ ಹಣದಲ್ಲಿ ಅವರ ಹಕ್ಕೂ ಸೇರಿದೆ.

ಈ ಅಂತರ ತುಂಬಲೆಂದೇ 2022ರ ಇ-ತ್ಯಾಜ್ಯ ನಿಯಮಗಳು ಬಂದವು. ತಯಾರಕರು ನೋಂದಾಯಿತ ಮರುಬಳಕೆದಾರರಿಂದ ಪ್ರಮಾಣಪತ್ರ ಕೊಳ್ಳಬೇಕು. 2024ರಲ್ಲಿ ಸರಕಾರ ಇದಕ್ಕೆ ಕನಿಷ್ಠ ದರವನ್ನೂ ಗೊತ್ತುಮಾಡಿತು. ಗೃಹಬಳಕೆಯ ಉಪಕರಣಗಳಿಗೆ ಅದು ಕಿಲೋಗೆ 22 ರೂಪಾಯಿ. ದರ ಹೆಚ್ಚಾಯಿತೆಂದು ಕೆಲವು ಕಂಪೆನಿಗಳು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿವೆ. ಈ ಹಣ ನೇರವಾಗಿ ಗುಜರಿಯವರಿಗೆ ಸಿಗುವುದಿಲ್ಲ. ಅವರು ತಮ್ಮ ಮಾಲನ್ನು ನೋಂದಾಯಿತ ಘಟಕಕ್ಕೆ ಕೊಟ್ಟಾಗ ಮಾತ್ರ ಒಳ್ಳೆಯ ದರದ ರೂಪದಲ್ಲಿ ಅದರ ಒಂದು ಪಾಲು ಅವರಿಗೂ ಬರಬಹುದು.

ವ್ಯಾಪಾರಿಗಳಿಗೆ ಇನ್ನೊಂದು ಮಾತು. ಧಾನ್ಯದ ರಾಶಿಯೊಳಗೆ ಕೈಹಾಕಿದಾಗ ಒದ್ದೆ ತಗುಲಿದ್ದಕ್ಕೆ, ಅದನ್ನು ಮೇಲೇಕೆ ಇಡಲಿಲ್ಲವೆಂದು ಪ್ರವಾದಿ(ಸ)ರವರು ಕೇಳಿದ ಹದೀಸ್ ನಮಗೆಲ್ಲ ಗೊತ್ತು. ಪ್ರೊಸೆಸರ್ ಕಿತ್ತುಕೊಂಡ ಬೋರ್ಡುಗಳನ್ನು ಚೀಲದ ಅಡಿಗೆ ತುಂಬಿ, ಪೂರ್ತಿ ಬೋರ್ಡುಗಳನ್ನು ಮೇಲಿಟ್ಟು ಒಂದೇ ದರಕ್ಕೆ ಮಾರುವುದೂ ಅದೇ ಒದ್ದೆ ಧಾನ್ಯ. ಕಿತ್ತದ್ದನ್ನು ಹೇಳಿ ಮಾರಿದರೆ ತೊಂದರೆಯಿಲ್ಲ, ದರ ಮಾತ್ರ ಇಳಿಯುತ್ತದೆ. ವಯರಿನ ವಿಷಯದಲ್ಲಂತೂ ಸುಡುವುದು ನಷ್ಟದ ಬಾಬತ್ತು: ಸಿಪ್ಪೆ ಸುಲಿದ ಹೊಳೆಯುವ ತಾಮ್ರಕ್ಕೆ ಸಿಗುವ ದರ ಸುಟ್ಟು ಕಪ್ಪಾದ ತಾಮ್ರಕ್ಕೆ ಸಿಗುವುದಿಲ್ಲ.