ಮಕ್ಕಳ ಹಲ್ಲಿಗೆ ಬೆಳ್ಳಿಯೋ, ಬಿಳಿಯೋ?

ಬಿದ್ದ ಹಾಲುಹಲ್ಲನ್ನು ಸಗಣಿಯುಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುವ ವಾಡಿಕೆ ಕನ್ನಡನಾಡಿನ ಹಲವೆಡೆ ಇತ್ತು. ಮಹಾನಗರದ ಬಹುಮಹಡಿ ಕಟ್ಟಡಗಳಲ್ಲಿ ಹೆಂಚೂ ಇಲ್ಲ, ಸಗಣಿಯೂ ಇಲ್ಲ. ಆದರೆ “ಹಾಲುಹಲ್ಲು ತಾನೆ, ಹೇಗಿದ್ದರೂ ಬೀಳುತ್ತದೆ” ಎಂಬ ಮಾತು ಮಾತ್ರ ಊರಿನಿಂದ ಜೊತೆಯಲ್ಲೇ ಬಂದಿದೆ. ಹುಳುಕು ಹಲ್ಲನ್ನು ತುಂಬಿಸಬೇಕೆಂದು ದಂತವೈದ್ಯರು ಹೇಳಿದೊಡನೆ ತಂದೆತಾಯಿಗಳ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆಯೂ ಅದೇ: ಬೀಳುವ ಹಲ್ಲಿಗೆ ಖರ್ಚೇಕೆ?

ಮುಂದಿನ ಹಾಲುಹಲ್ಲುಗಳು ಆರು-ಏಳನೆಯ ವಯಸ್ಸಿನಲ್ಲಿ ಬೀಳತೊಡಗುವುದು ನಿಜ. ಆದರೆ ದವಡೆಯ ಹಾಲುಹಲ್ಲುಗಳು ಹತ್ತರಿಂದ ಹನ್ನೆರಡು ವರ್ಷದವರೆಗೂ ಉಳಿದು, ಊಟಕ್ಕೆ ಒದಗುವುದಲ್ಲದೆ, ಮುಂದೆ ಬರಲಿರುವ ಹಲ್ಲುಗಳಿಗೆ ಸ್ಥಳವನ್ನೂ ಕಾದಿಡುತ್ತವೆ. ಇದಕ್ಕಿಂತಲೂ ಗಂಭೀರವಾದ ಪ್ರಮಾದ ಇನ್ನೊಂದಿದೆ. ಸುಮಾರು ಆರನೆಯ ವಯಸ್ಸಿನಲ್ಲಿ ಹಾಲುಹಲ್ಲುಗಳ ಸಾಲಿನ ಹಿಂದೆ ಮೊದಲ ಶಾಶ್ವತ ದವಡೆಹಲ್ಲು ಮೂಡುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳದಿರುವುದರಿಂದ ಅದು ಬಂದದ್ದೇ ಮನೆಯವರಿಗೆ ತಿಳಿಯುವುದಿಲ್ಲ. ಅದನ್ನೂ ಹಾಲುಹಲ್ಲೆಂದೇ ಭಾವಿಸಿ ಹುಳುಕನ್ನು ಕಡೆಗಣಿಸಿದರೆ, ಜೀವಮಾನವಿಡೀ ಬಾಳಬೇಕಾದ ಹಲ್ಲು ಬಾಲ್ಯದಲ್ಲೇ ಹೋಗಿಬಿಡುತ್ತದೆ. ಆ ಜಾಗದಲ್ಲಿ ಮತ್ತೊಂದು ಹುಟ್ಟುವುದಿಲ್ಲ.

ತುಂಬಿಸಲು ಒಪ್ಪಿದ ಮೇಲೆ ವಸ್ತುವಿನ ಚರ್ಚೆ. ಜನರು ‘ಬೆಳ್ಳಿ’ ಎಂದು ಕರೆಯುವ ಅಮಾಲ್ಗಮ್ಮಿನ ತೂಕದಲ್ಲಿ ಸುಮಾರು ಅರ್ಧಭಾಗ ಪಾದರಸ. ಉಳಿದುದು ಬೆಳ್ಳಿ, ತವರ, ತಾಮ್ರ. ಗಟ್ಟಿ, ಅಗ್ಗ, ಬಾಯಿಯ ತೇವಕ್ಕೆ ಅಷ್ಟಾಗಿ ಅಂಜದು. ತಂದೆತಾಯಿಗಳ ಆಕ್ಷೇಪ ಎರಡು: ಕಪ್ಪು ಬಣ್ಣ, ಪಾದರಸದ ಭಯ. ಅಮೆರಿಕದ ನ್ಯೂ ಇಂಗ್ಲೆಂಡಿನಲ್ಲಿ 534 ಹಾಗೂ ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ 507 ಮಕ್ಕಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು, ಬೆಳ್ಳಿ ತುಂಬಿಸಿದವರಿಗೂ ಬಿಳಿಯದನ್ನು ತುಂಬಿಸಿದವರಿಗೂ ನೆನಪು, ಬುದ್ಧಿಶಕ್ತಿಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲವೆಂದು ತಿಳಿಸಿದವು. ಆದ್ದರಿಂದ ಹಳೆಯ ಬೆಳ್ಳಿ ಗಟ್ಟಿಯಾಗಿದ್ದರೆ ಗಾಬರಿಯಿಂದ ಕೀಳಿಸಬೇಕಾಗಿಲ್ಲ. ಕೀಳುವಾಗಲೇ ಪಾದರಸದ ಆವಿ ಹೆಚ್ಚು. ಆದರೂ ಪಾದರಸ ನೆಲ-ಜಲಗಳನ್ನು ಕೆಡಿಸುತ್ತದೆಂಬ ಕಾರಣದಿಂದ 2013ರ ಮಿನಮಾಟಾ ಒಪ್ಪಂದವು ಅದರ ಬಳಕೆಯನ್ನು ತಗ್ಗಿಸಲು ಹೊರಟಿತು; ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಅದೇ ವರ್ಷ ಐರೋಪ್ಯ ಒಕ್ಕೂಟವು ಹದಿನೈದು ವರ್ಷದೊಳಗಿನ ಮಕ್ಕಳಿಗೆ, ವಿಶೇಷ ಅಗತ್ಯವಿದ್ದಾಗಲಲ್ಲದೆ, ಬೆಳ್ಳಿ ತುಂಬಿಸುವುದನ್ನು ನಿಲ್ಲಿಸಿತು.

ಬಿಳಿಯ ವಸ್ತುಗಳೆಲ್ಲ ಒಂದೇ ಅಲ್ಲ. ಕಾಂಪೋಸಿಟ್ ಎಂಬುದು ರಾಳದಲ್ಲಿ ಗಾಜಿನಂಥ ಪುಡಿಯನ್ನು ಬೆರೆಸಿ ನೀಲಿ ಬೆಳಕಿನಿಂದ ಗಟ್ಟಿಗೊಳಿಸುವ ವಸ್ತು. ನೋಡಲು ಹಲ್ಲಿನಂತೆಯೇ ಇರುತ್ತದೆ. ಆದರೆ ಹಾಕುವಾಗ ಹಲ್ಲು ಪೂರ್ತಿ ಒಣಗಿರಬೇಕು, ಸಮಯವೂ ಹೆಚ್ಚು. ಐದು ವರ್ಷದ ಮಗುವಿನ ನಾಲಿಗೆಯನ್ನೂ ಜೊಲ್ಲನ್ನೂ ಅಷ್ಟು ಹೊತ್ತು ತಡೆಯುವುದು ಸುಲಭವಲ್ಲ! ಇಂಗ್ಲೆಂಡಿನ ವಿಲ್ಸನ್ ಮತ್ತು ಕೆಂಟ್ 1972ರಲ್ಲಿ ಪ್ರಕಟಪಡಿಸಿದ ಗ್ಲಾಸ್ ಅಯೊನೊಮರ್ ಸಿಮೆಂಟು ಹಲ್ಲಿಗೆ ತಾನೇ ಅಂಟಿಕೊಂಡು, ಅಲ್ಪಸ್ವಲ್ಪ ಫ್ಲೋರೈಡನ್ನು ಹೊರಬಿಡುತ್ತದೆ. ಸವೆತ ಬೇಗ, ಆದರೆ ಎರಡು-ಮೂರು ವರ್ಷದಲ್ಲಿ ಬೀಳಲಿರುವ ಹಲ್ಲಿನ ಸಣ್ಣ ಕುಳಿಗೆ ಅದೇ ಸಾಕಾಗಬಹುದು. ಆಸ್ತಿಯ ಉಳಿದ ಆಯುಷ್ಯವನ್ನು ನೋಡಿ ದುರಸ್ತಿಯ ವೆಚ್ಚವನ್ನು ನಿರ್ಧರಿಸುವ ಲೆಕ್ಕ ಇಲ್ಲಿಯೂ ಸಲ್ಲುತ್ತದೆ.

ಹುಳುಕು ದೊಡ್ಡದಾದಾಗ ದವಡೆಯ ಹಾಲುಹಲ್ಲಿಗೆ ಉಕ್ಕಿನ ಟೋಪಿ ತೊಡಿಸುವುದೇ ಹೆಚ್ಚು ಬಾಳಿಕೆಯ ಉಪಾಯ. ಅದರ ಹೊಳಪು ತಾಯಂದಿರಿಗೆ ಸೇರದು. ನೆಂಟರ ಮದುವೆಯ ಚಿತ್ರದಲ್ಲಿ ಕಂಡೀತೆಂಬ ಸಂಕೋಚ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ, ಕೊರೆಯದೆಯೇ, ಬರಿಯ ಲೇಪನದಿಂದ ಹುಳುಕನ್ನು ತಡೆಯಬಲ್ಲದು. ಆದರೆ ಹುಳುಕಿದ ಭಾಗವನ್ನು ಶಾಶ್ವತವಾಗಿ ಕಪ್ಪಾಗಿಸುತ್ತದೆ. ಹಿಂದಿನ ಹಲ್ಲಿಗೆ ಅದನ್ನು ಒಪ್ಪುವ ಪಾಲಕರು ಮುಂದಿನ ಹಲ್ಲಿಗೆ ಹಿಂಜರಿಯುತ್ತಾರೆ. ಮಗುವಿಗೆ ಪೂರ್ಣ ಅರಿವಳಿಕೆ ಕೊಡಬೇಕಾದೀತೆಂದು ತಿಳಿದಾಗ ಅವರಲ್ಲಿ ಹಲವರ ಅಭಿಪ್ರಾಯ ಬದಲಾಗುತ್ತದೆ.

ಮಗುವಿನ ಚಿಂತೆಯೇ ಬೇರೆ. ಅದು ಪಾದರಸವನ್ನೂ ಅರಿಯದು, ಬೆಲೆಯನ್ನೂ ಅರಿಯದು. ಅದಕ್ಕೆ ಭಯವಿರುವುದು ಕೊರೆಯುವ ಯಂತ್ರದ ಸದ್ದು, ಸೂಜಿ, ಬಾಯಿ ತೆರೆದು ಕೂರಬೇಕಾದ ಹೊತ್ತು ಇವುಗಳದು. ತಾಯಿ ನಾಚುವ ಉಕ್ಕಿನ ಟೋಪಿಯನ್ನು ಎಷ್ಟೋ ಮಕ್ಕಳು ಶಾಲೆಯಲ್ಲಿ ಗೆಳೆಯರಿಗೆ ಹೆಮ್ಮೆಯಿಂದ ತೋರಿಸುತ್ತಾರೆ. ಹಾಲುಹಲ್ಲಿಗೆಂದೇ ಗುಲಾಬಿ, ನೀಲಿ, ಹಸಿರು ಬಣ್ಣಗಳಲ್ಲಿ ತಯಾರಾದ ತುಂಬುವ ವಸ್ತುಗಳೂ ಬಂದಿವೆ. ಬಣ್ಣವನ್ನು ಆರಿಸಲು ಹೇಳಿದರೆ ಅಳುತ್ತ ಬಂದ ಮಗು ಕುತೂಹಲದಿಂದ ಕುರ್ಚಿ ಏರುವುದುಂಟು.

ಚುಚ್ಚುಮದ್ದು ಕೊಟ್ಟಿದ್ದರೆ ಮರಗಟ್ಟಿದ ತುಟಿಯನ್ನು ಮಗು ತಿಳಿಯದೆ ಕಚ್ಚಿ ಗಾಯ ಮಾಡಿಕೊಳ್ಳುವುದುಂಟು. ಮನೆಗೆ ಬಂದ ಮೇಲೆ ಎರಡು-ಮೂರು ಗಂಟೆ ಗಮನವಿಡಬೇಕು. ಚಕ್ಕುಲಿ, ಕೋಡುಬಳೆಗಳು ಮರುದಿನಕ್ಕಿರಲಿ.