ರಾಣಿಗೆ ಯಾವಾಗ ಗೊತ್ತಾಯಿತು?

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಗಳಲ್ಲಿ ಹಾವು ಒಲಿದ ಹೆಂಡತಿಯ ಕಥೆಯೊಂದಿದೆ. ಇನ್ನೊಬ್ಬಳ ಮನೆ ಸೇರಿದ ಗಂಡನನ್ನು ಒಲಿಸಿಕೊಳ್ಳಲೆಂದು ಮುದುಕಿಯೊಬ್ಬಳು ಕೊಟ್ಟ ಮದ್ದನ್ನು ಹೆಂಡತಿ ಹೆದರಿ ಹುತ್ತಕ್ಕೆ ಸುರಿಯುತ್ತಾಳೆ. ಅದನ್ನು ಕುಡಿದ ನಾಗ ಗಂಡನ ರೂಪ ತಾಳಿ ರಾತ್ರಿ ಬರತೊಡಗುತ್ತಾನೆ. ಅವಳು ಬಸಿರಾದಾಗ ತಾನು ಯಾರೆಂಬುದನ್ನು ತಾನೇ ಹೇಳಿಬಿಡುತ್ತಾನೆ. ಮುಂದೆ ಗಂಡ ತಕರಾರು ತೆಗೆದಾಗ ಅವಳು ಹಾವನ್ನು ಕೈಯಲ್ಲಿ ಹಿಡಿದು, ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರಾರನ್ನೂ ಮುಟ್ಟಿಲ್ಲವೆಂದು ಆಣೆಯಿಟ್ಟು ಗೆಲ್ಲುತ್ತಾಳೆ. ಎಲ್ಲ ಗೊತ್ತಿದ್ದೇ ಇಟ್ಟ ಆಣೆ ಅದು. ಗಿರೀಶ ಕಾರ್ನಾಡರು 1988ರ ‘ನಾಗಮಂಡಲ’ ನಾಟಕಕ್ಕೆ ಈ ಕಥೆಯನ್ನು ತೆಗೆದುಕೊಂಡಾಗ ನಾಗ ಗುಟ್ಟು ಬಿಟ್ಟುಕೊಡುವ ಆ ಮಾತನ್ನು ಕಿತ್ತುಹಾಕಿದರು. ಪಂಚರ ಮುಂದೆ ನಾಟಕದ ನಾಯಕಿ ರಾಣಿ ಇಡುವುದೂ ಅದೇ ಆಣೆಯೇ. ಆದರೆ ತಾನು ಆಡಿದ ಮಾತು ಎಷ್ಟು ನಿಜವೆಂಬುದು ಅವಳಿಗೇ ತಿಳಿಯದು. ತಿಳಿಯುವ ಹೊತ್ತಿಗೆ ಊರು ಅವಳನ್ನು ದೇವಿಯೆಂದು ಕೈಮುಗಿದಾಗಿದೆ, ಗಂಡ ಪಕ್ಕದಲ್ಲಿದ್ದಾನೆ, ಮಡಿಲಲ್ಲಿ ಮಗುವಿದೆ. ಜನಪದ ಕಥೆಯ ಜಾಣೆಯ ಜಾಗದಲ್ಲಿ ಈಗ ಮುಗ್ಧೆಯೊಬ್ಬಳಿದ್ದಾಳೆ, ಅವಳ ಮುಗ್ಧತೆಯ ಬೆಲೆ ಪ್ರೇಕ್ಷಕರ ಎದೆಯ ಮೇಲೆ ಬೀಳುತ್ತದೆ.

ಹಳೆಯ ಕಥೆಯನ್ನು ಹೊಸದಾಗಿ ಹೇಳುವುದೆಂದರೆ ಇದು: ಒಂದು ಕಂಬ ಸರಿಸಿದರೆ ಇಡೀ ಮನೆಯ ಭಾರ ಬೇರೆ ಗೋಡೆಗೆ ಬೀಳಬೇಕು. ಯಾವ ಕಂಬವನ್ನು ಸರಿಸಬೇಕೆಂಬುದರಲ್ಲೇ ಲೇಖಕರ ವಿಚಾರವಿರುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಚಂದ್ರಶೇಖರ ಕಂಬಾರರು ಕಾರ್ನಾಡರಿಗಿಂತ ಎರಡು ವರ್ಷ ಮುಂಚೆ, 1986ರಲ್ಲಿ, ‘ಸಿರಿಸಂಪಿಗೆ’ ಬರೆದಿದ್ದರು. ಅಲ್ಲೂ ಹಾವಿದೆ, ಗಂಡನಿಲ್ಲದ ರಾತ್ರಿಗಳಿವೆ. ಆದರೆ ಕಂಬಾರರ ಕಣ್ಣು ನೆಟ್ಟದ್ದು ಗಂಡಸಿನ ಮೇಲೆ. ಹೊರಗಿನ ಹೆಣ್ಣು ಬೇಡ, ತನ್ನ ಮೈಯ ಅರ್ಧದಿಂದಲೇ ಹೆಣ್ಣು ಹುಟ್ಟಬೇಕೆಂದು ಹಟ ಹಿಡಿದ ರಾಜಕುಮಾರ ತನ್ನನ್ನು ಎರಡಾಗಿ ಸೀಳಿಸಿ ಎರಡು ಕೊಡಗಳಲ್ಲಿ ತುಂಬಿಸಿಕೊಳ್ಳುತ್ತಾನೆ. ಒಂದು ಕೊಡದಿಂದ ಅವನು, ಇನ್ನೊಂದರಿಂದ ಹಾವು ಎದ್ದು ಬರುತ್ತದೆ. ಕಾರ್ನಾಡರ ಪ್ರಶ್ನೆ ಬೀಗ ಹಾಕಿದ ಮನೆಯೊಳಗಿನ ಹೆಣ್ಣಿನದು, ಕಂಬಾರರದು ತನ್ನನ್ನು ಬಿಟ್ಟು ಬೇರೆ ಯಾರನ್ನೂ ಪ್ರೀತಿಸಲಾರದ ಗಂಡಿನದು. ಒಂದೇ ಬೇರಿನ ಕಥೆ ಎರಡೇ ವರ್ಷದ ಅಂತರದಲ್ಲಿ ಇಷ್ಟು ಬೇರೆಯಾದ ಎರಡು ನಾಟಕಗಳಾಯಿತೆಂಬುದು ನಮ್ಮ ಸಾಹಿತ್ಯದ ಭಾಗ್ಯ. ‘ಸಿರಿಸಂಪಿಗೆ’ಗೆ 1991ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಹಾಗಾದರೆ ಮೂಲ ಕಥೆಗೆ ಇದು ದ್ರೋಹವಲ್ಲವೇ, ಇಂದಿನ ವಿಚಾರಗಳನ್ನು ಅಜ್ಜಿಯ ಬಾಯಿಗೆ ತುರುಕಿದಂತಲ್ಲವೇ ಎನ್ನುವವರಿದ್ದಾರೆ. ಈ ಮಾತಿನ ಹಿಂದೆ ಕಥೆಯ ಮೇಲಿನ ಪ್ರೀತಿಯಿದೆ, ಆದ್ದರಿಂದ ಹಗುರಾಗಿ ತಳ್ಳಿಹಾಕಬಾರದು. ಆದರೆ ಮೂಲ ಎಲ್ಲಿದೆ? ಹಿಮಬಿಳುಪಿಯನ್ನು (ಸ್ನೋ ವೈಟ್) ಕೊಲ್ಲಿಸಲು ಹೊರಟ ರಾಣಿ ಗ್ರಿಮ್ ಸೋದರರ 1812ರ ಮುದ್ರಣದಲ್ಲಿ ಹೆತ್ತ ತಾಯಿ. 1819ರ ಮುದ್ರಣದಲ್ಲಿ ಅವಳನ್ನು ಅವರೇ ಮಲತಾಯಿ ಮಾಡಿದರು. ಜಗತ್ತು ಮೂಲವೆಂದು ನಂಬಿದ್ದೇ ತಿದ್ದಿದ ಪಾಠ. ನಮ್ಮ ಸಿಂಡರೆಲ್ಲಾ ‘ಹಂಚಿ’ಯನ್ನು ನೋಡಿ. ಅಣ್ಣನ ಕೆಟ್ಟ ಕಣ್ಣಿಗೆ ಮಗಳು ಬೀಳದಿರಲೆಂದು ತಾಯಿಯೇ ಮಣ್ಣಿನ ಮುಖವಾಡ ಹಾಕಿ ಅವಳನ್ನು ಮನೆಯಿಂದ ಕಳಿಸುತ್ತಾಳೆ. ಮದುವೆಗೆ ಅವಳ ಕಥೆ ಮುಗಿಯುವುದಿಲ್ಲ. ಹೊಸ ಕಷ್ಟಗಳು ಅಲ್ಲಿಂದಲೇ ಶುರು. ಗಾಜಿನ ಚಪ್ಪಲಿಯ ಕಥೆಗಿಂತ ಹೆಚ್ಚು ಕಣ್ಣು ತೆರೆದ ಕಥೆಯಿದು, ಇದನ್ನು ಹೀಗೆ ಹೇಳಿದ್ದು ಯಾವ ಆಧುನಿಕ ಲೇಖಕರೂ ಅಲ್ಲ. ಅನುಮಾನ, ಪ್ರತಿಭಟನೆಗಳನ್ನು ನಾವು ಅಜ್ಜಿಗೆ ಕಲಿಸಬೇಕಾದ ಅಗತ್ಯವೇನೂ ಇರಲಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಹೇಳಿದವರು ಹೆಸರಿಲ್ಲದ ಹೆಂಗಸರು, ಕೀರ್ತಿ ಬರೆದವರಿಗೆ. ಕಾರ್ನಾಡರು ‘ನಾಗಮಂಡಲ’ದ ಕಥೆಗಳನ್ನು ರಾಮಾನುಜನ್‌ರಿಂದ ಕೇಳಿದ್ದನ್ನು ಮರೆಮಾಚಲಿಲ್ಲ. ಆದರೂ ರಾಮಾನುಜನ್‌ಗೆ ಹೇಳಿದವರ ಹೆಸರು ರಂಗದವರೆಗೆ ಬರಲಿಲ್ಲ. ಈ ಋಣ ತೀರಿಲ್ಲವೆಂದು ಒಪ್ಪಲೇಬೇಕು. ಆದ್ದರಿಂದಲೇ ಕಥೆಯನ್ನು ಹೇಳಿದ ಹಾಗೆಯೇ ದಾಖಲಿಸುವ ಕೆಲಸ ದೊಡ್ಡದು. ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವೆಂಬ ಸಂಗ್ರಹಾಲಯ ಇಂಥ ಕಾಳಜಿಯಿಂದಲೇ ಹುಟ್ಟಿದ್ದು. ಆದರೆ ದಾಖಲಿಸಿದ್ದು ಸಾಕು, ಯಾರೂ ಮುಟ್ಟಬೇಡಿ ಎಂದರೆ ಒಪ್ಪಲಾಗದು. ಕಾರ್ನಾಡರು ಕಿತ್ತ ಆ ಮಾತು ನಮಗೆ ಕಾಣುವುದು ರಾಮಾನುಜನ್ ಅದನ್ನು ಬರೆದಿಟ್ಟದ್ದರಿಂದ. ಆ ಮಾತಿಗೆ ಎಷ್ಟು ತೂಕವಿತ್ತೆಂದು ತಿಳಿಯುವುದು ಕಾರ್ನಾಡರು ಅದನ್ನು ಕಿತ್ತದ್ದರಿಂದ.

‘ನಾಗಮಂಡಲ’ದ ಚೌಕಟ್ಟಿಗೆ ಕಾರ್ನಾಡರು ಆರಿಸಿಕೊಂಡದ್ದೂ ಇಂಥದೇ ಒಂದು ಕನ್ನಡ ಕಥೆ. ಒಬ್ಬಾಕೆಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು, ಯಾರಿಗೂ ಹೇಳುತ್ತಿರಲಿಲ್ಲ. ಉಸಿರು ಕಟ್ಟಿದ ಅವೆರಡೂ ಅವಳು ಮಲಗಿದ್ದಾಗ ತೆರೆದ ಬಾಯಿಂದ ಹೊರಬಂದು ಬಾಗಿಲಲ್ಲಿ ಜೋಡುಗಳಾಗಿ, ಗೂಟದಲ್ಲಿ ಗಂಡಸಿನ ಅಂಗಿಯಾಗಿ ಕುಳಿತವು. ಯಾರು ಬಂದಿದ್ದರೆಂದು ಗಂಡ ಜಗಳ ತೆಗೆದು ಗುಡಿಗೆ ಹೋಗಿ ಮಲಗಿದ. ರಾತ್ರಿ ಊರ ದೀಪಗಳೆಲ್ಲ ಅಲ್ಲಿ ಸೇರಿ ಮಾತಾಡಿಕೊಳ್ಳುವಾಗ ಅವನಿಗೆ ನಿಜ ತಿಳಿಯಿತು. ಬೆಳಗಾದ ಮೇಲೆ ಮನೆಗೆ ಬಂದು ಆ ಕಥೆ, ಆ ಹಾಡು ಯಾವುದೆಂದು ಹೆಂಡತಿಯನ್ನು ಕೇಳಿದ. ಅಷ್ಟರಲ್ಲಿ ಅವಳಿಗೆ ಎರಡೂ ಮರೆತುಹೋಗಿದ್ದವು.