ದಣಿದ ದೇಹಕ್ಕೆ ಕೌದಿಯ ಆಸರೆ



ಯೋಗವೆಂದೊಡನೆ "ಮೈ ಮಣಿಸೋ ವಯಸ್ಸು ನಮಗೆಲ್ಲಿ ಉಳಿದೈತ್ರಿ?" ಎಂದು ನಕ್ಕುಬಿಡುವವರೇ ಹೆಚ್ಚು. ಆದರೆ ಹಗಲೆಲ್ಲ ದುಡಿದ ಮೈ ರಾತ್ರಿ ಹಾಸಿಗೆಯಲ್ಲಿಯೂ ಬಿಗಿದುಕೊಂಡೇ ಇರುತ್ತದೆ. ಬೆಳೆ, ಸಾಲ, ಮಗಳ ಮದುವೆ ಎಂದು ಮನಸ್ಸು ಅಲೆಯುತ್ತದೆ. ಮಲಗುವುದು ಬೇರೆ, ವಿಶ್ರಮಿಸುವುದು ಬೇರೆ. ವಿಶ್ರಮಿಸುವುದನ್ನೂ ಕಲಿಯಬೇಕಾಗುತ್ತದೆ.

ಇದನ್ನು ಲೋಕಕ್ಕೆ ಕಲಿಸಿದವರಲ್ಲಿ ಪ್ರಮುಖರು ನಮ್ಮ ನಾಡಿನವರೇ ಆದ ಬಿ.ಕೆ.ಎಸ್. ಅಯ್ಯಂಗಾರ್. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿದ ಅವರು ಬಾಲ್ಯದಲ್ಲಿ ಮಲೇರಿಯಾ, ವಿಷಮಶೀತಜ್ವರ, ಕ್ಷಯಗಳಿಂದ ನರಳಿದವರು. ಮೈಸೂರಿನಲ್ಲಿ ಭಾವನವರಾದ ಟಿ. ಕೃಷ್ಣಮಾಚಾರ್ಯರಿಂದ ಯೋಗ ಕಲಿತು, 1937ರಲ್ಲಿ ಪುಣೆಗೆ ತೆರಳಿದರು. ರೋಗಿಯ ಸಂಕಟ ಬಲ್ಲವರಾದ್ದರಿಂದಲೋ ಏನೋ, ದಿಂಬು, ಕಂಬಳಿ, ಕುರ್ಚಿ, ಹಗ್ಗಗಳ ಆಸರೆಯಿಂದ ಅಶಕ್ತರೂ ಆಸನದಲ್ಲಿ ಸುಖವಾಗಿ ಇರುವಂತೆ ಮಾಡಿದರು. 2014ರಲ್ಲಿ ಅವರು ಕಾಲವಾದರು. ಅವರ ಅಮೆರಿಕದ ಶಿಷ್ಯೆ ಜೂಡಿತ್ ಲಾಸಾಟರ್ 1995ರಲ್ಲಿ ಪುಸ್ತಕ ಬರೆದು ಇದನ್ನು ಪ್ರಚುರಪಡಿಸಿದರು. ಈಗ ಪಟ್ಟಣಗಳಲ್ಲಿ ಹಣ ತೆತ್ತು ಕಲಿಯುವ 'ರೆಸ್ಟೋರೇಟಿವ್ ಯೋಗ' ಇದೇ. ಹಳ್ಳಿಯಲ್ಲಿ ಮನೆಯ ಕೌದಿಯೇ ಸಾಕು!

ನೆಲದ ಮೇಲೆ ಚಾಪೆ, ಅದರ ಮೇಲೆ ಕಂಬಳಿ ಹಾಸಿ ಅಂಗಾತ ಮಲಗಿರಿ. ಕೌದಿಯನ್ನು ದಪ್ಪಗೆ ಸುತ್ತಿ ಮೊಣಕಾಲುಗಳ ಕೆಳಗಿಡಿ. ಸೊಂಟದ ಎಳೆತ ಸಡಿಲವಾಗುವುದು ಕೂಡಲೇ ತಿಳಿಯುತ್ತದೆ. ತಲೆಯ ಕೆಳಗೆ ತೆಳುವಾದ ಮಡಿಕೆಯೊಂದಿರಲಿ. ಅಂಗೈ ಮೇಲಾಗಿ, ಕೈಗಳು ಮೈಯಿಂದ ತುಸು ದೂರವಿರಲಿ. ಮೈ ಬೇಗ ತಣ್ಣಗಾಗುವುದರಿಂದ ಶಾಲು ಹೊದ್ದುಕೊಳ್ಳಿ, ಕಣ್ಣಿನ ಮೇಲೆ ಮೆತ್ತನೆಯ ಬಟ್ಟೆ ಹಾಕಿಕೊಳ್ಳಿ. ಹಠಯೋಗ ಪ್ರದೀಪಿಕೆಯಲ್ಲಿ ಹೇಳಿರುವ ಶವಾಸನವೇ ಇದು, ಆಸರೆಯೊಂದು ಹೆಚ್ಚು ಅಷ್ಟೆ. ಮೈಯನ್ನು ಹಿಡಿದಿಡುವ ಕೆಲಸ ಸ್ನಾಯುಗಳಿಗೆ ಇಲ್ಲವಾದಾಗ ಉಸಿರು ತಾನಾಗಿ ನಿಧಾನವಾಗುತ್ತದೆ. ಉಸಿರನ್ನು ತಿದ್ದಲು ಹೋಗಬೇಡಿ, ಒಳಹೋಗಿ ಹೊರಬರುವುದನ್ನು ಸುಮ್ಮನೆ ಗಮನಿಸಿ. ಹದಿನೈದಿಪ್ಪತ್ತು ನಿಮಿಷ ಸಾಕು. ಏಳುವಾಗ ಮಾತ್ರ ಅವಸರ ಕೂಡದು. ಬಲಮಗ್ಗುಲಿಗೆ ಹೊರಳಿ, ಸ್ವಲ್ಪ ತಡೆದು, ಕೈಯೂರಿ ಮೆಲ್ಲನೆ ಎದ್ದು ಕೂರಿ.

ಊಟವಾದ ಕೂಡಲೇ ಬೇಡ. ಅಂಗಾತ ಮಲಗಿದರೆ ಉಸಿರು ಕಟ್ಟುವವರು ಎದೆ, ತಲೆ ಎತ್ತರಿಸಿಕೊಂಡು ಒರಗಬೇಕು. ಅಂಥವರು ವೈದ್ಯರಿಗೆ ತೋರಿಸಿಕೊಳ್ಳುವುದು ಅಗತ್ಯ. ರಕ್ತದೊತ್ತಡದ ಗುಳಿಗೆಯನ್ನು ಯಾರೂ ಇದನ್ನು ನಂಬಿ ಬಿಡಬಾರದು.

ಮೊದಲ ಕೆಲವು ದಿನ ಮನಸ್ಸು ಹೊಲದ ಬದುವಿನ ಮೇಲೆಯೇ ತಿರುಗಾಡೀತು. ತಿರುಗಲಿ ಬಿಡಿ. ಮನೆಯವರಿಗೆ ಮಾತ್ರ ಮೊದಲೇ ಹೇಳಿಡಿ: ಆ ಇಪ್ಪತ್ತು ನಿಮಿಷ ಚಹಾಕ್ಕೂ ಕರೆಯಬಾರದು.